ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದು ಗುಂಪಿನವರ ಪ್ರೊಸೆಸ್‌ಗಳನ್ನು ಮಾತ್ರ ಪಟ್ಟಿ ಮಾಡುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಯೂನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆದಾರರ ಗುಂಪಿಗೆ ಅನುಸಾರವಾಗಿ ಪ್ರೊಸೆಸ್‌ಗಳನ್ನು (ಓಡುತ್ತಿರುವ ಪ್ರೋಗ್ರಾಂಗಳನ್ನು) ಹುಡುಕುವ ಬಗೆಗಿನ ಪ್ರಶ್ನೆಗಳೇ ಹೆಚ್ಚಾಗಿದ್ದವು. ಆದ್ದರಿಂದ ಅವನ್ನಷ್ಟೇ ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಕಮಾಂಡ್‌ಗಳನ್ನು ಓದುವ ರೀತಿಯಲ್ಲಿಯೇ ಕನ್ನಡ ಲಿಪಿಯಲ್ಲಿ ಮುದ್ರಿಸಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಈ ವಿಷಯದಲ್ಲಿ ಕ್ಯಾಪಿಟಲ್ ಅಕ್ಷರಕ್ಕೂ ಸ್ಮಾಲ್ ಅಕ್ಷರಕ್ಕೂ ಅಜಗಜಾಂತರ ವ್ಯತ್ಯಾಸವಿರುವುದರಿಂದ, ಗೊಂದಲಕ್ಕೆ ಎಡೆಯಿರುವ ಕಡೆಗಳಲ್ಲಿ ಯಾವ ಅಕ್ಷರವೆಂಬುದನ್ನು ಬಿಡಿಸಿ ಹೇಳಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನ ಉಸ್ತುವಾರಿ ನನ್ನದು. ಅಂತಿಮ ವರ್ಷದ ವಿದ್ಯಾರ್ಥಿಗಳೆಲ್ಲರೂ ಒಂದೇ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ ಪ್ರಾಜೆಕ್ಟ್ ಕೆಲಸ ಮಾಡುತ್ತಾರೆ. ಅವರನ್ನೆಲ್ಲ 'ಪ್ರಾಜೆಕ್ಟ್' ಎಂಬ ಗುಂಪಿಗೆ ಸೇರಿಸಿದ್ದೇನೆ. ಅವರು ಏನೇನು ಓಡಿಸುತ್ತಿದ್ದಾರೆಂದು ನೋಡಲು, ಪ್ರೊಸೆಸ್‌ಗಳನ್ನು ಪಟ್ಟಿ ಮಾಡುವ ಪಿಎಸ್ ಕಮಾಂಡ್‌ಗೆ ಕ್ಯಾಪಿಟಲ್ ಜಿ ಆಪ್ಷನ್ ಕೊಟ್ಟು ಗುಂಪಿನ ಹೆಸರು ಬರೆದರೆ ಶೀರ್ಷಿಕೆಯ ಸಾಲು ಮಾತ್ರ ಬರುತ್ತದೆ, ಒಂದು ಪ್ರೊಸೆಸ್ ಕೂಡ ಕಾಣುವುದಿಲ್ಲ. ಅದೇ ಹೊತ್ತಿನಲ್ಲಿ ಹತ್ತಾರು ವಿದ್ಯಾರ್ಥಿಗಳು ಸರ್ವರ್ ಬಳಸುತ್ತಿರುತ್ತಾರೆ. ತಪ್ಪು ಎಲ್ಲಿದೆ?
— ಲ್ಯಾಬ್ ಬೋಧಕರು, ಬಸವನಗುಡಿ

ಉತ್ತರ: ನಿಮ್ಮ ಕಮಾಂಡ್‌ನಲ್ಲಿ ದೋಷವಿಲ್ಲ. ನೀವು ಕೇಳಬೇಕೆಂದಿದ್ದ ಪ್ರಶ್ನೆ ಒಂದು, ಪಿಎಸ್ ಉತ್ತರಿಸಿದ ಪ್ರಶ್ನೆ ಇನ್ನೊಂದು. 'ಪ್ರಾಜೆಕ್ಟ್ ಗುಂಪಿನ ಸದಸ್ಯರು ಓಡಿಸುತ್ತಿರುವ ಪ್ರೊಸೆಸ್‌ಗಳು ಯಾವುವು' ಎಂಬುದು ನಿಮ್ಮ ಪ್ರಶ್ನೆ. ಇದು ಮನುಷ್ಯರ ಸದಸ್ಯತ್ವಕ್ಕೆ ಸಂಬಂಧಿಸಿದ್ದು. ಕ್ಯಾಪಿಟಲ್ ಜಿ ಆಪ್ಷನ್ ನೋಡುವುದು ಪ್ರೊಸೆಸ್‌ಗೆ ಅಂಟಿಕೊಂಡಿರುವ ಒಂದೇ ಒಂದು ಸಂಖ್ಯೆಯನ್ನು, ಅಂದರೆ ಅದರ ರಿಯಲ್ ಗ್ರೂಪ್ ಐಡಿಯನ್ನು (ಓಡಿಸಿದವರ ಗುಂಪಿನ ಸಂಖ್ಯೆಯನ್ನು). ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಇರುವ ಪೋಸಿಕ್ಸ್ ಮಾನದಂಡದಲ್ಲಿಯೂ ಈ ಆಪ್ಷನ್‌ಗೆ ಇದೇ ಅರ್ಥವಿದೆ. ಬಳಕೆದಾರ ಲಾಗಿನ್ ಆದಾಗ ಆತನ ಶೆಲ್‌ಗೆ (ಕಮಾಂಡ್‌ಗಳನ್ನು ಸ್ವೀಕರಿಸಿ ಓಡಿಸುವ ಪ್ರೋಗ್ರಾಂಗೆ) ರಿಯಲ್ ಗ್ರೂಪ್ ಐಡಿಯಾಗಿ ಸಿಗುವುದು ಆತನ ಪ್ರಧಾನ ಗುಂಪು ಮಾತ್ರ, ಅಂದರೆ ಪಾಸ್‌ವರ್ಡ್ ಫೈಲ್‌ನಲ್ಲಿ ಆತನ ಸಾಲಿನ ನಾಲ್ಕನೆಯ ಅಂಕಣದಲ್ಲಿರುವ ಸಂಖ್ಯೆ. ಡೆಬಿಯನ್, ಉಬುಂಟು, ಫೆಡೋರಾ, ರೆಡ್ ಹ್ಯಾಟ್ ಮುಂತಾದ ವಿತರಣೆಗಳಲ್ಲಿ ಹೊಸ ಬಳಕೆದಾರನನ್ನು ಸೃಷ್ಟಿಸಿದಾಗ ಆತನ ಹೆಸರಿನದೇ ಒಂದು ಖಾಸಗಿ ಗುಂಪು ಹುಟ್ಟಿ, ಅದೇ ಪ್ರಧಾನ ಗುಂಪಾಗುತ್ತದೆ. ನೀವು ಆಮೇಲೆ ಸೇರಿಸಿದ 'ಪ್ರಾಜೆಕ್ಟ್' ಅವರೆಲ್ಲರಿಗೂ ಹೆಚ್ಚುವರಿ ಗುಂಪು. ಹೆಚ್ಚುವರಿ ಗುಂಪುಗಳ ಕಡೆಗೆ ಕ್ಯಾಪಿಟಲ್ ಜಿ ಕಣ್ಣು ಹಾಯಿಸುವುದೇ ಇಲ್ಲ. ಹಾಗಾಗಿ ನಿಮಗೆ ಖಾಲಿ ಪಟ್ಟಿ ಬಂದಿದೆ, ಮತ್ತು ಪಿಎಸ್ ಕೇಳಿಸಿಕೊಂಡ ಪ್ರಶ್ನೆಗೆ ಅದೇ ಸರಿಯಾದ ಉತ್ತರ.

ನಿಮಗೆ ಬೇಕಾದದ್ದನ್ನು ಎರಡು ಹೆಜ್ಜೆಗಳಲ್ಲಿ ಪಡೆಯಬೇಕು. ಮೊದಲು ಗುಂಪಿನ ಸದಸ್ಯರ ಹೆಸರುಗಳನ್ನು ತೆಗೆದುಕೊಂಡು, ಬಳಿಕ ಆ ಹೆಸರುಗಳನ್ನು ಪಿಎಸ್‌ಗೆ ಒಪ್ಪಿಸಬೇಕು. ಗುಂಪಿನ ವಿವರವನ್ನು ಗೆಟ್‌ಎಂಟ್ ಕಮಾಂಡ್ ಕೊಡುತ್ತದೆ. ಅದರ ಸಾಲಿನಲ್ಲಿ ಕೋಲನ್ ಚಿಹ್ನೆಯಿಂದ ಬೇರ್ಪಟ್ಟ ನಾಲ್ಕು ಅಂಕಣಗಳಿರುತ್ತವೆ: ಗುಂಪಿನ ಹೆಸರು, ಪಾಸ್‌ವರ್ಡ್‌ನ ಸ್ಥಾನ, ಗುಂಪಿನ ಸಂಖ್ಯೆ ಮತ್ತು ಕೊನೆಯಲ್ಲಿ ಅಲ್ಪವಿರಾಮಗಳಿಂದ ಜೋಡಿಸಿದ ಸದಸ್ಯರ ಹೆಸರುಗಳು. ಪಿಎಸ್ ಕೂಡ ಬಳಕೆದಾರರ ಪಟ್ಟಿಯನ್ನು ಅಲ್ಪವಿರಾಮಗಳ ರೂಪದಲ್ಲಿಯೇ ಸ್ವೀಕರಿಸುವುದರಿಂದ ಒಂದನ್ನು ಇನ್ನೊಂದರೊಳಗೆ ನೇರವಾಗಿ ಇಡಬಹುದು:

ಪಿಎಸ್ -ಯು "$(ಗೆಟ್‌ಎಂಟ್ ಗ್ರೂಪ್ ಪ್ರಾಜೆಕ್ಟ್ | ಕಟ್ -ಡಿ: -ಎಫ್4)"

ಇಲ್ಲಿರುವ ಅಕ್ಷರಗಳೆಲ್ಲವೂ ಸ್ಮಾಲ್. ಗ್ರೂಪ್ ಫೈಲನ್ನು ನೇರವಾಗಿ ತೆರೆದು ಓದುವ ಬದಲು ಗೆಟ್‌ಎಂಟ್ ಬಳಸುವುದಕ್ಕೆ ಕಾರಣವಿದೆ. ಅನೇಕ ಕಾಲೇಜುಗಳಲ್ಲಿ ಬಳಕೆದಾರರ ವಿವರಗಳು ಸರ್ವರ್‌ನ ಸ್ವಂತ ಫೈಲ್‌ಗಳಲ್ಲಿ ಇರದೆ ಎಲ್‌ಡ್ಯಾಪ್‌ನಂತಹ ಕೇಂದ್ರ ಡೈರೆಕ್ಟರಿಯಲ್ಲಿ ಇರುತ್ತವೆ. ಗೆಟ್‌ಎಂಟ್ ಎರಡೂ ಕಡೆ ವಿಚಾರಿಸುತ್ತದೆ, ಫೈಲ್ ಓದುವವರಿಗೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಈ ವಿಧಾನದಲ್ಲಿ ಒಂದು ಕಂದಕವಿದೆ. ಯಾರಿಗೆ 'ಪ್ರಾಜೆಕ್ಟ್' ಪ್ರಧಾನ ಗುಂಪೇ ಆಗಿದೆಯೋ ಅವರ ಹೆಸರು ಸಾಮಾನ್ಯವಾಗಿ ನಾಲ್ಕನೆಯ ಅಂಕಣದಲ್ಲಿ ಇರುವುದಿಲ್ಲ. ಅಂತಹವರು ಇದ್ದರೆ ಗೆಟ್‌ಎಂಟ್ ಪಾಸ್‌ಡಬ್ಲ್ಯುಡಿ ಎಂದು ಕೊಟ್ಟು, ಬರುವ ಸಾಲುಗಳಲ್ಲಿ ನಾಲ್ಕನೆಯ ಅಂಕಣವು ಗುಂಪಿನ ಸಂಖ್ಯೆಗೆ ಸಮನಾಗಿರುವ ಹೆಸರುಗಳನ್ನು ಆಕ್ ಕಮಾಂಡ್‌ನಿಂದ ಹೆಕ್ಕಿ ಪಟ್ಟಿಗೆ ಸೇರಿಸಿಕೊಳ್ಳಬೇಕು. ಕೇಂದ್ರ ಡೈರೆಕ್ಟರಿ ಇರುವ ಕಡೆ ಎಲ್ಲ ಬಳಕೆದಾರರನ್ನೂ ಒಮ್ಮೆಗೇ ಪಟ್ಟಿ ಮಾಡುವ ಸೌಲಭ್ಯವನ್ನು ಮುಚ್ಚಿಟ್ಟಿರುವುದು ಸಾಮಾನ್ಯ. ಆಗ ಈ ಎರಡನೆಯ ಪಟ್ಟಿ ಸ್ಥಳೀಯ ಬಳಕೆದಾರರಷ್ಟಕ್ಕೇ ನಿಲ್ಲುತ್ತದೆ. ಇನ್ನೊಂದು ಕಿರಿಕಿರಿಯೆಂದರೆ, ಕಳೆದ ವರ್ಷ ತೆಗೆದುಹಾಕಿದ ವಿದ್ಯಾರ್ಥಿಯ ಹೆಸರು ಗುಂಪಿನ ಸಾಲಿನಲ್ಲಿ ಹಾಗೆಯೇ ಉಳಿದಿದ್ದರೆ, ಅಂತಹ ಬಳಕೆದಾರನೇ ಇಲ್ಲವೆಂದು ಪಿಎಸ್ ಇಡೀ ಕಮಾಂಡನ್ನೇ ತಿರಸ್ಕರಿಸುತ್ತದೆ. ಪ್ರತಿ ವರ್ಷ ತಂಡಗಳು ಬದಲಾಗುವ ಲ್ಯಾಬ್‌ಗಳಲ್ಲಿ ಇದು ಅಪರೂಪವಲ್ಲ.

ಸ್ಮಾಲ್ ಯು ನೋಡುವುದು ಪ್ರೊಸೆಸ್‌ನ ಎಫೆಕ್ಟಿವ್ ಬಳಕೆದಾರನನ್ನು, ಅಂದರೆ ಅದು ಯಾರ ಅಧಿಕಾರದಲ್ಲಿ ಓಡುತ್ತಿದೆಯೋ ಅವರನ್ನು; ಕ್ಯಾಪಿಟಲ್ ಯು ನೋಡುವುದು ರಿಯಲ್ ಬಳಕೆದಾರನನ್ನು, ಅಂದರೆ ಅದನ್ನು ಓಡಿಸಿದವರನ್ನು. ವಿದ್ಯಾರ್ಥಿಯೊಬ್ಬ ಪಾಸ್‌ಡಬ್ಲ್ಯುಡಿ ಕಮಾಂಡ್ ಕೊಟ್ಟು, ಅದು ಹೊಸ ಪಾಸ್‌ವರ್ಡ್‌ಗಾಗಿ ಕಾಯುತ್ತಿರುವಾಗ, ಆ ಪ್ರೊಸೆಸ್‌ನ ಎಫೆಕ್ಟಿವ್ ಬಳಕೆದಾರ ರೂಟ್ (ಎಲ್ಲ ಅಧಿಕಾರವೂ ಇರುವ ಬಳಕೆದಾರ), ರಿಯಲ್ ಬಳಕೆದಾರ ಆ ವಿದ್ಯಾರ್ಥಿ. ಯಾರು ಓಡಿಸಿದರೆಂಬುದೇ ನಿಮ್ಮ ಆಸಕ್ತಿಯಾದ್ದರಿಂದ ಕ್ಯಾಪಿಟಲ್ ಯು ನಿಮಗೆ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ದಿನನಿತ್ಯದ ಬಳಕೆಯಲ್ಲಿ ಎರಡರ ಫಲಿತಾಂಶವೂ ಬಹುಮಟ್ಟಿಗೆ ಒಂದೇ.

ಪಟ್ಟಿಯ ರೂಪದ ಬಗ್ಗೆಯೂ ಒಂದು ಮಾತು. ನಿಮ್ಮ ಕಾಲೇಜಿನಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರತಿ ವಿದ್ಯಾರ್ಥಿಗೆ ಕೊಡುವ ಯುಎಸ್‌ಎನ್ ಸಂಖ್ಯೆಯನ್ನು ಆಧರಿಸಿ ಲಾಗಿನ್ ಹೆಸರುಗಳನ್ನು ರಚಿಸಿದ್ದರೆ ಅವು ಹತ್ತು ಅಕ್ಷರಗಳಷ್ಟಾದರೂ ಉದ್ದವಿರುತ್ತವೆ, ಪಿಎಸ್‌ನ ಹೆಸರಿನ ಕಾಲಮ್‌ನ ವಾಡಿಕೆಯ ಅಗಲವೋ ಎಂಟೇ ಅಕ್ಷರ. ಹಳೆಯ ಆವೃತ್ತಿಗಳು ಇಂತಹ ಹೆಸರಿನ ಬದಲು ಬಳಕೆದಾರನ ಸಂಖ್ಯೆಯನ್ನು ಮುದ್ರಿಸಿದರೆ, ಹೊಸವು ಹೆಸರನ್ನು ತುಂಡರಿಸಿ ಕೊನೆಯಲ್ಲಿ ಕೂಡುವ ಚಿಹ್ನೆ ಇಡುತ್ತವೆ. ಯುಎಸ್‌ಎನ್‌ಗಳಲ್ಲಿ ಮೊದಲ ಭಾಗವು ಇಡೀ ತರಗತಿಗೆ ಒಂದೇ ಆಗಿದ್ದು ಕೊನೆಯ ಮೂರು ಅಂಕಿಗಳಷ್ಟೇ ಬದಲಾಗುವುದರಿಂದ, ತುಂಡಾದ ಹೆಸರುಗಳೆಲ್ಲ ಒಬ್ಬನದೇ ಎಂಬಂತೆ ಕಾಣುತ್ತವೆ. ಸ್ಮಾಲ್ ಓ ಆಪ್ಷನ್‌ನಲ್ಲಿ ಕಾಲಮ್‌ಗಳನ್ನು ನೀವೇ ಹೆಸರಿಸಿ, ಯೂಸರ್:20 ಎಂಬಂತೆ ಅಗಲವನ್ನೂ ಸೂಚಿಸಿದರೆ ಈ ತೊಂದರೆ ತಪ್ಪುತ್ತದೆ.

ಪ್ರಶ್ನೆ: 1980ರ ದಶಕದಲ್ಲಿ ಯೂನಿಕ್ಸ್ ಮಿನಿ ಕಂಪ್ಯೂಟರುಗಳ ಮೇಲೆ ಕೆಲಸ ಮಾಡಿ ನಿವೃತ್ತನಾದವನು ನಾನು. ನಮ್ಮ ಕಾಲದಲ್ಲಿ ಒಂದು ಹೊತ್ತಿಗೆ ಒಂದೇ ಗುಂಪು. ಬೇರೆ ಗುಂಪಿನ ಕೆಲಸಕ್ಕೆ ನ್ಯೂಗ್ರೂಪ್ ಕಮಾಂಡ್ ಕೊಟ್ಟು ಬದಲಾಯಿಸಿಕೊಳ್ಳುತ್ತಿದ್ದೆವು. ಈಗ ಮೊಮ್ಮಗನ ಲ್ಯಾಪ್‌ಟಾಪ್‌ನಲ್ಲಿ ಒಬ್ಬನಿಗೇ ಏಳೆಂಟು ಗುಂಪುಗಳು ಕಾಣಿಸುತ್ತವೆ. ಇವೆಲ್ಲವನ್ನೂ ಪಿಎಸ್ ಏಕೆ ಗಣನೆಗೆ ತೆಗೆದುಕೊಳ್ಳುವುದಿಲ್ಲ?
— ನಿವೃತ್ತ ಎಂಜಿನಿಯರ್, ಮಲ್ಲೇಶ್ವರ

ಉತ್ತರ: ತಮ್ಮ ನೆನಪು ಸರಿಯಾಗಿದೆ, ಮತ್ತು ಹಿಂದಿನ ಪ್ರಶ್ನೆಯ ತೊಡಕಿಗೆ ಮೂಲವೂ ಅಲ್ಲಿಯೇ ಇದೆ. ಆರಂಭದ ಯೂನಿಕ್ಸ್‌ನಲ್ಲಿ ಪ್ರೊಸೆಸ್‌ಗೆ ಇದ್ದದ್ದು ಒಂದು ರಿಯಲ್ ಗುಂಪು ಮತ್ತು ಒಂದು ಎಫೆಕ್ಟಿವ್ ಗುಂಪು, ಅಷ್ಟೇ. ಪ್ರೋಗ್ರಾಂ ಒಂದು ತನ್ನ ಮಾಲೀಕನ ಅಧಿಕಾರದಲ್ಲಿ ಓಡುವ ಸೆಟ್‌ಯುಐಡಿ ವ್ಯವಸ್ಥೆಯಿಂದಾಗಿ ರಿಯಲ್ ಮತ್ತು ಎಫೆಕ್ಟಿವ್ ಎಂಬ ಭೇದ ಹುಟ್ಟಿತು. ಆ ವ್ಯವಸ್ಥೆಗೆ ಯೂನಿಕ್ಸ್‌ನ ಸೃಷ್ಟಿಕರ್ತರಲ್ಲೊಬ್ಬರಾದ ಡೆನ್ನಿಸ್ ರಿಚಿ ಅವರ ಹೆಸರಿನಲ್ಲಿ 1979ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಬಹು ಗುಂಪುಗಳ ಪಟ್ಟಿಯನ್ನು ತಂದದ್ದು 1983ರ ಬರ್ಕ್ಲಿ ಯೂನಿಕ್ಸ್‌ನ ಆವೃತ್ತಿ 4.2. ಆಗಿನಿಂದ ಪ್ರೊಸೆಸ್ ಹಳೆಯ ಸಂಖ್ಯೆಗಳ ಜೊತೆಗೆ ಹೆಚ್ಚುವರಿ ಗುಂಪುಗಳ ಒಂದು ಸಾಲನ್ನೂ ಹೊತ್ತು ತಿರುಗುತ್ತದೆ. ಲಿನಕ್ಸ್‌ನಲ್ಲಿ ಈ ಸಾಲಿನ ಮಿತಿ ಮೊದಲು 32 ಇದ್ದು, ಕರ್ನಲ್‌ನ (ವ್ಯವಸ್ಥೆಯ ತಿರುಳಾದ ಪ್ರೋಗ್ರಾಂನ) ಆವೃತ್ತಿ 2.6.4ರಿಂದ 65,536ಕ್ಕೆ ಏರಿತು. ಫೈಲ್ ತೆರೆಯುವ ಅನುಮತಿಯನ್ನು ನಿರ್ಧರಿಸುವಾಗ ಕರ್ನಲ್ ಇಡೀ ಸಾಲನ್ನು ನೋಡುತ್ತದೆ; ಪಿಎಸ್‌ನ ಆಯ್ಕೆಯ ಆಪ್ಷನ್‌ಗಳು ಮಾತ್ರ ಒಂದು ಪ್ರೊಸೆಸ್‌ಗೆ ಒಂದೇ ಗುಂಪು ಎಂಬ ಹಳೆಯ ಲೆಕ್ಕದಲ್ಲಿಯೇ ಉಳಿದುಬಿಟ್ಟಿವೆ.

ಆದರೂ ಮಾಹಿತಿ ಅಡಗಿಲ್ಲ. ಹಿಂದೆ ಪಿಎಸ್ ಕರ್ನಲ್‌ನ ಸ್ಮರಣೆಯನ್ನೇ ನೇರವಾಗಿ ಇಣುಕಿ ನೋಡಬೇಕಿತ್ತು. ಟಾಮ್ ಕಿಲಿಯನ್ ಅವರು ಯೂನಿಕ್ಸ್‌ನ ಎಂಟನೆಯ ಆವೃತ್ತಿಗಾಗಿ ರೂಪಿಸಿ 1984ರಲ್ಲಿ ಪ್ರಬಂಧವಾಗಿ ವಿವರಿಸಿದ ಪ್ರೋಕ್ ಎಂಬ ಫೈಲ್ ವ್ಯವಸ್ಥೆಯು ಪ್ರೊಸೆಸ್‌ಗಳನ್ನು ಫೈಲ್‌ಗಳಂತೆ ತೆರೆದಿಟ್ಟಿತು. ಲಿನಕ್ಸ್‌ನಲ್ಲಿ ಅದು ಇನ್ನೂ ವಿಸ್ತಾರವಾಗಿ ಬೆಳೆದಿದೆ. ಯಾವುದೇ ಪ್ರೊಸೆಸ್‌ನ ಸಂಖ್ಯೆಯ ಡೈರೆಕ್ಟರಿಯಲ್ಲಿರುವ ಸ್ಟೇಟಸ್ ಫೈಲ್ ತೆರೆದರೆ, ಜಿಐಡಿ ಎಂಬ ಸಾಲಿನಲ್ಲಿ ನಾಲ್ಕು ಸಂಖ್ಯೆಗಳು ಕ್ರಮವಾಗಿ ಸಿಗುತ್ತವೆ: ರಿಯಲ್, ಎಫೆಕ್ಟಿವ್, ಸೇವ್ಡ್ ಮತ್ತು ಫೈಲ್ ವ್ಯವಸ್ಥೆಗೆ ಅನ್ವಯಿಸುವ ಗುಂಪು. ಗ್ರೂಪ್ಸ್ ಎಂಬ ಬೇರೆ ಸಾಲಿನಲ್ಲಿ ಹೆಚ್ಚುವರಿ ಗುಂಪುಗಳ ಸಂಖ್ಯೆಗಳಿರುತ್ತವೆ. ಪಿಎಸ್‌ನಲ್ಲಿಯೇ ಇದನ್ನು ನೋಡಬೇಕಾದರೆ ಸ್ಮಾಲ್ ಓ ಆಪ್ಷನ್‌ಗೆ ಸಪ್‌ಜಿಆರ್‌ಪಿ ಎಂಬ ಕಾಲಮ್ ಸೇರಿಸಬೇಕು; ಅದನ್ನು ಆಧರಿಸಿ ಆರಿಸುವ ಆಪ್ಷನ್ ಇಲ್ಲದಿದ್ದರೂ, ಎಲ್ಲ ಪ್ರೊಸೆಸ್‌ಗಳನ್ನೂ ಮುದ್ರಿಸಿ, ಪದವಿರುವ ಸಾಲುಗಳನ್ನು ಹುಡುಕುವ ಗ್ರೆಪ್‌ನಿಂದ ಸೋಸಬಹುದು. ಹಾಗೆ ಸೋಸುವಾಗ ಗ್ರೆಪ್‌ನ ಸ್ವಂತ ಸಾಲು ಮತ್ತು ಕಮಾಂಡ್‌ನ ಪಠ್ಯದಲ್ಲಿ ಆ ಪದ ಅಕಸ್ಮಾತ್ ಬಂದಿರುವ ಸಾಲುಗಳು ಕೂಡ ಪಟ್ಟಿಗೆ ನುಸುಳುತ್ತವೆಂಬುದನ್ನು ಮರೆಯಬಾರದು.

ತಮ್ಮ ಹಳೆಯ ನ್ಯೂಗ್ರೂಪ್ ಇಂದಿಗೂ ಜೀವಂತವಾಗಿದೆ, ಉಪಯುಕ್ತವೂ ಆಗಿದೆ. ಅದು ಹೊಸ ಶೆಲ್ ಒಂದನ್ನು ತೆರೆದು ಅದರ ರಿಯಲ್ ಗುಂಪನ್ನೇ ಬದಲಿಸುತ್ತದೆ. ಅಲ್ಲಿಂದ ಮುಂದೆ ಓಡಿಸಿದ್ದೆಲ್ಲವೂ ಪಿಎಸ್‌ನ ಕ್ಯಾಪಿಟಲ್ ಜಿ ಆಪ್ಷನ್‌ಗೆ ಕಾಣಿಸುತ್ತದೆ. ಒಂದೇ ಕಮಾಂಡ್‌ಗೆ ಈ ಸೌಲಭ್ಯ ಸಾಕೆಂದರೆ ಎಸ್‌ಜಿ ಎಂಬ ಅದರ ಸೋದರ ಕಮಾಂಡ್ ಇದೆ. ಬಸವನಗುಡಿಯ ಬೋಧಕರು ಪ್ರಾಜೆಕ್ಟ್‌ಗೆ ಸಂಬಂಧಿಸಿದ ದೀರ್ಘ ಕೆಲಸಗಳನ್ನು ಎಸ್‌ಜಿ ಮೂಲಕವೇ ಆರಂಭಿಸಬೇಕೆಂದು ವಿದ್ಯಾರ್ಥಿಗಳಿಗೆ ತಾಕೀತು ಮಾಡಿದರೆ, ವಿದ್ಯಾರ್ಥಿಗಳ ಇತರ ಪ್ರೊಸೆಸ್‌ಗಳು ಬೆರೆಯದ ಶುದ್ಧವಾದ ಪಟ್ಟಿ ಅವರಿಗೆ ಸಿಗುತ್ತದೆ. ಆದರೆ ಆಗ ಸೃಷ್ಟಿಯಾಗುವ ಹೊಸ ಫೈಲ್‌ಗಳ ಗುಂಪೂ ಸಾಮಾನ್ಯವಾಗಿ 'ಪ್ರಾಜೆಕ್ಟ್' ಆಗಿರುತ್ತದೆ. ತಂಡದ ಕೆಲಸಕ್ಕೆ ಅದು ಅನುಕೂಲವೇ.

ಪ್ರಶ್ನೆ: ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಹೊಸದಾಗಿ ಸೇರಿದವರನ್ನು ಯೂಸರ್‌ಮಾಡ್ ಕಮಾಂಡ್‌ನಿಂದ ಒಂದು ಗುಂಪಿಗೆ ಸೇರಿಸಿದೆ. ಐಡಿ ಕಮಾಂಡ್‌ಗೆ ಅವರ ಹೆಸರು ಕೊಟ್ಟರೆ ಹೊಸ ಗುಂಪು ಕಾಣುತ್ತದೆ, ಆದರೆ ಅವರ ಪ್ರೊಸೆಸ್‌ಗಳ ಗ್ರೂಪ್ಸ್ ಸಾಲಿನಲ್ಲಿ ಅದು ಇಲ್ಲ. ಇದಕ್ಕಿಂತ ಆತಂಕದ ಸಂಗತಿಯೆಂದರೆ, ಗುಂಪಿನಿಂದ ತೆಗೆದುಹಾಕಿದ ಇನ್ನೊಬ್ಬರ ಪ್ರೊಸೆಸ್‌ಗಳಲ್ಲಿ ಹಳೆಯ ಗುಂಪು ಹಾಗೆಯೇ ಉಳಿದಿದೆ. ಯಾವುದನ್ನು ನಂಬಬೇಕು?
— ಸಿಸ್ಟಂ ಅಡ್ಮಿನಿಸ್ಟ್ರೇಟರ್, ಎಚ್‌ಎಸ್‌ಆರ್ ಲೇಔಟ್

ಉತ್ತರ: ಅನುಮತಿಯ ಪ್ರಶ್ನೆ ಬಂದಾಗ ಪ್ರೊಸೆಸ್‌ನಲ್ಲಿರುವುದನ್ನೇ ನಂಬಬೇಕು, ಏಕೆಂದರೆ ಕರ್ನಲ್ ನಂಬುವುದೂ ಅದನ್ನೇ. ಲಾಗಿನ್ ಆಗುವ ಕ್ಷಣದಲ್ಲಿ ಗುಂಪುಗಳ ದಾಖಲೆಯನ್ನು ಒಮ್ಮೆ ಓದಿ, ಅದರ ಪ್ರತಿಯನ್ನು ಬಳಕೆದಾರನ ಮೊದಲ ಪ್ರೊಸೆಸ್‌ಗೆ ಕೊಡಲಾಗುತ್ತದೆ. ಅದರಿಂದ ಹುಟ್ಟಿದ ಮಕ್ಕಳು ಮೊಮ್ಮಕ್ಕಳೆಲ್ಲ ಆ ಪ್ರತಿಯನ್ನೇ ಆನುವಂಶಿಕವಾಗಿ ಪಡೆಯುತ್ತವೆ. ಕಚೇರಿಯ ಬಾಗಿಲಲ್ಲಿ ಬೆಳಗ್ಗೆ ಪಾಸ್ ಪಡೆದು ಒಳಗೆ ಹೋದವರ ಹೆಸರನ್ನು ಮಧ್ಯಾಹ್ನ ರಿಜಿಸ್ಟರ್‌ನಲ್ಲಿ ಹೊಡೆದುಹಾಕಿದರೆ ಅವರ ಜೇಬಿನಲ್ಲಿರುವ ಪಾಸ್ ಹೇಗೆ ಮಾಯವಾಗುವುದಿಲ್ಲವೋ, ಯೂಸರ್‌ಮಾಡ್ ಕೂಡ ಓಡುತ್ತಿರುವ ಪ್ರೊಸೆಸ್‌ಗಳನ್ನು ಮುಟ್ಟುವುದಿಲ್ಲ. ಐಡಿ ಕಮಾಂಡ್‌ಗೆ ಹೆಸರು ಕೊಟ್ಟರೆ ಅದು ದಾಖಲೆಯನ್ನು ಓದಿ ಹೇಳುತ್ತದೆ; ಹೆಸರು ಕೊಡದೆ ಓಡಿಸಿದರೆ ತನ್ನ ಪ್ರೊಸೆಸ್‌ನಲ್ಲಿರುವುದನ್ನು ಹೇಳುತ್ತದೆ. ನಿಮ್ಮ ಹೊಸ ಸಹೋದ್ಯೋಗಿ ತಮ್ಮ ಟರ್ಮಿನಲ್‌ನಲ್ಲಿ ಎರಡನ್ನೂ ಕೊಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಸೇರಿಸಿದವರ ಸಮಸ್ಯೆಗೆ ಪರಿಹಾರ ಸುಲಭ: ಅವರು ಪೂರ್ತಿಯಾಗಿ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು. 'ಪೂರ್ತಿಯಾಗಿ' ಎಂಬುದನ್ನು ಗಮನಿಸಿ. ಸಂಪರ್ಕ ಕಡಿದರೂ ಶೆಲ್‌ಗಳನ್ನು ಜೀವಂತವಾಗಿಡುವ ಟಿಮಕ್ಸ್ ಅಥವಾ ಸ್ಕ್ರೀನ್ ಬಳಸುವವರು, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸಂಪರ್ಕವನ್ನು ಮಾತ್ರ ಕಡಿದುಕೊಂಡು ಮರಳಿ ಬಂದರೆ, ಹಿಂದೆ ಉಳಿದಿದ್ದ ಟಿಮಕ್ಸ್ ಸರ್ವರ್ ಹಳೆಯ ಗುಂಪುಗಳನ್ನೇ ಹಿಡಿದುಕೊಂಡು ಕುಳಿತಿರುತ್ತದೆ, ಅದರೊಳಗೆ ತೆರೆದ ಹೊಸ ಶೆಲ್‌ಗಳಿಗೂ ಹಳೆಯ ಗುಂಪುಗಳೇ ಗತಿ. ಯೂಸರ್‌ಮಾಡ್‌ಗೆ ಕ್ಯಾಪಿಟಲ್ ಜಿ ಕೊಡುವಾಗ ಸ್ಮಾಲ್ ಎ ಸೇರಿಸಲು ಮರೆತರೆ, ಆ ಬಳಕೆದಾರನ ಉಳಿದ ಹೆಚ್ಚುವರಿ ಗುಂಪುಗಳೆಲ್ಲ ಅಳಿಸಿಹೋಗುತ್ತವೆಂಬ ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ತೆಗೆದುಹಾಕಿದವರ ವಿಷಯ ಗಂಭೀರವಾದದ್ದು. ಗುಂಪಿನ ಸಂಖ್ಯೆಯನ್ನು ಹೊತ್ತಿರುವ ಪ್ರೊಸೆಸ್‌ಗಳನ್ನು ಹುಡುಕಲು ಸದಸ್ಯರ ಪಟ್ಟಿಯಿಂದ ಹೊರಡುವ ವಿಧಾನ ಇಲ್ಲಿ ನಿಷ್ಪ್ರಯೋಜಕ, ಏಕೆಂದರೆ ಅವರು ಈಗ ಪಟ್ಟಿಯಲ್ಲಿಯೇ ಇಲ್ಲ. ಬದಲಾಗಿ ರೂಟ್ ಆಗಿ ಪ್ರೋಕ್‌ನ ಕೆಳಗಿನ ಎಲ್ಲ ಸ್ಟೇಟಸ್ ಫೈಲ್‌ಗಳ ಗ್ರೂಪ್ಸ್ ಸಾಲಿನಲ್ಲಿ ಆ ಸಂಖ್ಯೆಯನ್ನು ಇಡಿಯ ಪದವಾಗಿ ಹುಡುಕಬೇಕು. ಇಡಿಯ ಪದವೆಂದು ಸೂಚಿಸಲು ಗ್ರೆಪ್‌ನಲ್ಲಿ ಸ್ಮಾಲ್ ಡಬ್ಲ್ಯು ಆಪ್ಷನ್ ಇದೆ. ಇಲ್ಲವಾದರೆ 1005ನ್ನು ಹುಡುಕುವಾಗ 10051 ಕೂಡ ಸಿಕ್ಕಿಬೀಳುತ್ತದೆ. ಸಿಕ್ಕ ಪ್ರೊಸೆಸ್‌ಗಳು ಆ ಬಳಕೆದಾರರವೇ ಎಂದು ಖಚಿತಪಡಿಸಿಕೊಂಡು ಅವರ ಎಲ್ಲ ಸೆಷನ್‌ಗಳನ್ನೂ ಮುಗಿಸಬೇಕು. ಸೇವೆಗಳನ್ನೂ ಸೆಷನ್‌ಗಳನ್ನೂ ನಿರ್ವಹಿಸುವ ಸಿಸ್ಟಂಡಿ ಇರುವ ಸರ್ವರ್‌ಗಳಲ್ಲಿ ಲಾಗಿನ್‌ಸಿಟಿಎಲ್ ಕಮಾಂಡ್‌ನ ಟರ್ಮಿನೇಟ್-ಯೂಸರ್ ಈ ಕೆಲಸ ಮಾಡುತ್ತದೆ. ನೌಕರಿ ಬಿಟ್ಟವರ ಹೆಸರನ್ನು ಗುಂಪಿನಿಂದ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವುದು ಅಪಾಯಕರ.

ಪ್ರಶ್ನೆ: ನಮ್ಮ ಗುಂಪಿನ ಸಂಖ್ಯೆ 1005. ಪ್ರೊಸೆಸ್‌ಗಳನ್ನು ಹುಡುಕುವ ಪಿಗ್ರೆಪ್‌ಗೆ ಸ್ಮಾಲ್ ಜಿ ಕೊಟ್ಟು 1005 ಬರೆದರೆ ಏನೂ ಬರುವುದಿಲ್ಲ. ಪಿಎಸ್‌ಗೆ ಸ್ಮಾಲ್ ಜಿ ಕೊಟ್ಟು ಅದೇ ಸಂಖ್ಯೆ ಬರೆದರೆ ಒಮ್ಮೊಮ್ಮೆ ಯಾರದೋ ಪ್ರೊಸೆಸ್ ಬರುತ್ತದೆ. ಇದರ ಗುಟ್ಟೇನು? ಒಂದು ಗುಂಪಿನ ಪ್ರೊಸೆಸ್‌ಗಳನ್ನು ಒಟ್ಟಿಗೆ ನಿಲ್ಲಿಸಲು ಪಿಕಿಲ್ ಬಳಸಬಹುದೇ?
— ಬಿಸಿಎ ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಯೂನಿಕ್ಸ್‌ನಲ್ಲಿ ಬಳಕೆದಾರರ ಗುಂಪಿಗೆ ಯಾವ ಸಂಬಂಧವೂ ಇಲ್ಲದ ಪ್ರೊಸೆಸ್ ಗ್ರೂಪ್ ಎಂಬ ಇನ್ನೊಂದು ವ್ಯವಸ್ಥೆ ಇದೆ. ನೀವು ಪೈಪ್ ಚಿಹ್ನೆಯಿಂದ ಮೂರು ಕಮಾಂಡ್‌ಗಳನ್ನು ಜೋಡಿಸಿ ಓಡಿಸಿದಾಗ ಶೆಲ್ ಆ ಮೂರನ್ನೂ ಒಂದು ಪ್ರೊಸೆಸ್ ಗ್ರೂಪ್‌ಗೆ ಸೇರಿಸುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿದಾಗ ಮೂರೂ ಒಟ್ಟಿಗೆ ನಿಲ್ಲುವುದು ಇದರಿಂದಲೇ. ಆ ಗ್ರೂಪ್‌ನ ಸಂಖ್ಯೆ ಎಂದರೆ ಅದರ ನಾಯಕ ಪ್ರೊಸೆಸ್‌ನ ಸಂಖ್ಯೆ. ಇಂತಹ ಹಲವು ಗ್ರೂಪ್‌ಗಳು ಸೇರಿ ಒಂದು ಸೆಷನ್ ಆಗುತ್ತದೆ. ಪಿಗ್ರೆಪ್‌ನ ಸ್ಮಾಲ್ ಜಿ ಹುಡುಕುವುದು ಈ ಪ್ರೊಸೆಸ್ ಗ್ರೂಪನ್ನು. ಬಳಕೆದಾರರ ಗುಂಪು ಬೇಕಾದರೆ ಅಲ್ಲಿಯೂ ಕ್ಯಾಪಿಟಲ್ ಜಿ ಕೊಡಬೇಕು.

ಲಿನಕ್ಸ್‌ನ ಪಿಎಸ್‌ನಲ್ಲಿ ಸ್ಮಾಲ್ ಜಿ ಇನ್ನೂ ವಿಚಿತ್ರವಾಗಿ ವರ್ತಿಸುತ್ತದೆ. ಬರೆದದ್ದು ಬರೀ ಸಂಖ್ಯೆಗಳಾದರೆ ಅದನ್ನು ಸೆಷನ್ ಎಂದು ತಿಳಿಯುತ್ತದೆ, ಹೆಸರಾದರೆ ಎಫೆಕ್ಟಿವ್ ಗುಂಪು ಎಂದು ತಿಳಿಯುತ್ತದೆ. 1005 ಎಂಬ ಸಂಖ್ಯೆಯ ಸೆಷನ್ ಆ ಹೊತ್ತಿಗೆ ಇದ್ದರೆ ಅದರ ಪ್ರೊಸೆಸ್‌ಗಳು ಬರುತ್ತವೆ, ಇಲ್ಲದಿದ್ದರೆ ಇಲ್ಲ. ನೀವು ಕಂಡ 'ಯಾರದೋ ಪ್ರೊಸೆಸ್' ಅದೇ. ಹಲವು ಯೂನಿಕ್ಸ್‌ಗಳ ಪರಂಪರೆಯನ್ನು ಒಂದೇ ಆಪ್ಷನ್‌ನೊಳಗೆ ತುರುಕುವ ಪ್ರಯತ್ನದ ಫಲ ಇದು. ಇದನ್ನು ಬಳಸಲೇಬಾರದೆಂದು ನನ್ನ ಸಲಹೆ. ಎಫೆಕ್ಟಿವ್ ಗುಂಪು ಬೇಕಾದಾಗ ಎರಡು ಹೈಫನ್‌ಗಳ ಜೊತೆ ಗ್ರೂಪ್ ಎಂದು ಪೂರ್ತಿ ಪದವನ್ನು ಸ್ಮಾಲ್ ಅಕ್ಷರಗಳಲ್ಲಿ ಬರೆದರೆ ಹೆಸರಿಗೂ ಸಂಖ್ಯೆಗೂ ಒಂದೇ ಅರ್ಥ ಬರುತ್ತದೆ.

ಪಿಕಿಲ್ ಬಳಸಬಹುದು, ಆದರೆ ಕೊಡಬೇಕೆಂದಿರುವ ಆಪ್ಷನ್‌ಗಳನ್ನೆಲ್ಲ ಮೊದಲು ಪಿಗ್ರೆಪ್‌ಗೆ ಕೊಟ್ಟು, ಜೊತೆಗೆ ಸ್ಮಾಲ್ ಎ ಸೇರಿಸಿ ಪೂರ್ತಿ ಕಮಾಂಡ್ ಸಾಲುಗಳನ್ನು ಓದಿ ನೋಡಬೇಕು. 1998ರಲ್ಲಿ ಸೊಲಾರಿಸ್ 7ರೊಂದಿಗೆ ಬಂದ ಈ ಜೋಡಿಯನ್ನು ಒಂದೇ ಆಯ್ಕೆಯ ಭಾಷೆಗೆ ಓಗೊಡುವಂತೆ ರೂಪಿಸಿರುವುದೇ ಇಂತಹ ಪೂರ್ವಪರೀಕ್ಷೆಗೆ ದೊಡ್ಡ ಅನುಕೂಲ. ಒಂದು ಭೇದವನ್ನು ಮಾತ್ರ ನೆನಪಿಡಿ. ಪಿಗ್ರೆಪ್ ಮತ್ತು ಪಿಕಿಲ್‌ಗಳಲ್ಲಿ ಗುಂಪು ಮತ್ತು ಬಳಕೆದಾರ ಎರಡನ್ನೂ ಸೂಚಿಸಿದರೆ ಎರಡೂ ಷರತ್ತುಗಳಿಗೆ ಹೊಂದುವ ಪ್ರೊಸೆಸ್‌ಗಳಷ್ಟೇ ಆಯ್ಕೆಯಾಗುತ್ತವೆ. ಪಿಎಸ್‌ನಲ್ಲಿ ಇದು ತಿರುಗುಮುರುಗು: ಅಲ್ಲಿ ಷರತ್ತುಗಳು ಕೂಡುತ್ತಾ ಹೋಗುತ್ತವೆ, ಯಾವುದಾದರೂ ಒಂದಕ್ಕೆ ಹೊಂದಿದರೆ ಸಾಕು, ಪ್ರೊಸೆಸ್ ಪಟ್ಟಿಗೆ ಬರುತ್ತದೆ. ಪಿಎಸ್‌ನಲ್ಲಿ ಪಟ್ಟಿ ನೋಡಿ ಅದೇ ಷರತ್ತುಗಳನ್ನು ಪಿಕಿಲ್‌ಗೆ ಕೊಡುವವರು ಈ ಭೇದದಿಂದ ಕಕ್ಕಾಬಿಕ್ಕಿಯಾಗುವುದುಂಟು. ಮತ್ತು ಪಿಗ್ರೆಪ್‌ನ ಕ್ಯಾಪಿಟಲ್ ಜಿ ಕೂಡ ರಿಯಲ್ ಗುಂಪನ್ನಷ್ಟೇ ನೋಡುವುದರಿಂದ, ನಿಮ್ಮ ಗುಂಪು ಹೆಚ್ಚುವರಿ ಗುಂಪಾಗಿದ್ದರೆ ಮೊದಲ ಉತ್ತರದಲ್ಲಿ ಹೇಳಿದಂತೆ ಸದಸ್ಯರ ಹೆಸರುಗಳ ಮೂಲಕವೇ ಹೋಗಬೇಕು.

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ ಯಾವ ಆಪ್ಷನ್ ಕೊಟ್ಟರೂ ಪಿಎಸ್ ನನ್ನ ಪ್ರೊಸೆಸ್‌ಗಳನ್ನು ಮಾತ್ರ ತೋರಿಸುತ್ತದೆ. ತಂಡದ ಉಳಿದವರವು ಕಾಣುವುದಿಲ್ಲ.
— ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಉತ್ತರ: ಬಹುಶಃ ನಿಮ್ಮ ಅಡ್ಮಿನಿಸ್ಟ್ರೇಟರ್ ಪ್ರೋಕ್ ಫೈಲ್ ವ್ಯವಸ್ಥೆಯನ್ನು ಹೈಡ್‌ಪಿಡ್ ಎಂಬ ಆಪ್ಷನ್‌ನೊಂದಿಗೆ ಮೌಂಟ್ ಮಾಡಿದ್ದಾರೆ (ಅಳವಡಿಸಿದ್ದಾರೆ). 2012ರ ಲಿನಕ್ಸ್ 3.3 ಆವೃತ್ತಿಯಿಂದ ಲಭ್ಯವಿರುವ ಇದಕ್ಕೆ 2 ಎಂಬ ಬೆಲೆ ಕೊಟ್ಟರೆ ಇತರರ ಪ್ರೊಸೆಸ್‌ಗಳ ಡೈರೆಕ್ಟರಿಗಳೇ ಕಣ್ಮರೆಯಾಗುತ್ತವೆ, ಪಿಎಸ್‌ಗೆ ಓದಲು ಏನೂ ಉಳಿಯುವುದಿಲ್ಲ. ಅದೇ ಮೌಂಟ್‌ನಲ್ಲಿ ಜಿಐಡಿ ಎಂಬ ಇನ್ನೊಂದು ಆಪ್ಷನ್‌ನಿಂದ ಒಂದು ಗುಂಪಿಗೆ ವಿನಾಯಿತಿ ಕೊಡಬಹುದು. ಆ ಗುಂಪಿಗೆ ಸೇರಿಸುವಂತೆ ಕೇಳಿಕೊಳ್ಳಿ, ಸೇರಿಸಿದ ಮೇಲೆ ಮತ್ತೆ ಲಾಗಿನ್ ಆಗಿ. ಯೂನಿಕ್ಸ್ ಪರಂಪರೆಯದೇ ಆದ ಫ್ರೀಬಿಎಸ್‌ಡಿಯಲ್ಲಿ ಇದೇ ಉದ್ದೇಶಕ್ಕೆ ಎರಡು ಪ್ರತ್ಯೇಕ ಸಿಸ್‌ಸಿಟಿಎಲ್ (ಕರ್ನಲ್‌ನ) ಸೆಟ್ಟಿಂಗ್‌ಗಳಿವೆ: ಒಂದು ಬೇರೆ ಬಳಕೆದಾರರ ಪ್ರೊಸೆಸ್‌ಗಳನ್ನು ಮರೆಮಾಡುತ್ತದೆ, ಇನ್ನೊಂದು ಬೇರೆ ಗುಂಪಿನವುಗಳನ್ನು.

ಪ್ರಶ್ನೆ: ಮ್ಯಾಕ್ ಕಂಪ್ಯೂಟರ್‌ನಲ್ಲಿ ಗೆಟ್‌ಎಂಟ್ ಇಲ್ಲವೆಂದು ಬರುತ್ತದೆ. ಅಲ್ಲಿ ಏನು ಮಾಡಬೇಕು?
— ವಿನ್ಯಾಸಕಿ, ಇಂದಿರಾನಗರ

ಉತ್ತರ: ಅಲ್ಲಿ ಗುಂಪಿನ ವಿವರ ಡಿಎಸ್‌ಸಿಎಲ್ ಕಮಾಂಡ್‌ನಿಂದ ಸಿಗುತ್ತದೆ. ಪಿಎಸ್‌ನ ಕ್ಯಾಪಿಟಲ್ ಜಿ ಅಲ್ಲಿಯೂ ರಿಯಲ್ ಗುಂಪನ್ನೇ ನೋಡುತ್ತದೆ, ಆದರೆ ಮ್ಯಾಕ್‌ನಲ್ಲಿ ಸಾಮಾನ್ಯ ಬಳಕೆದಾರರೆಲ್ಲರ ಪ್ರಧಾನ ಗುಂಪು ವಾಡಿಕೆಯಂತೆ ಸ್ಟಾಫ್ ಎಂಬ 20ನೇ ಸಂಖ್ಯೆಯ ಗುಂಪು. ಹೀಗಾಗಿ ಅದನ್ನು ಕೇಳಿದರೆ ಖಾಲಿ ಪಟ್ಟಿಯ ಬದಲು ಎಲ್ಲರ ಪ್ರೊಸೆಸ್‌ಗಳೂ ಒಟ್ಟಿಗೆ ಬರುತ್ತವೆ. ಪ್ರೋಕ್ ಫೈಲ್ ವ್ಯವಸ್ಥೆ ಮ್ಯಾಕ್‌ನಲ್ಲಿ ಇಲ್ಲ.

ಪ್ರಶ್ನೆ: ಒಂದು ಗುಂಪಿನವರೆಲ್ಲ ಸೇರಿ ಎಷ್ಟು ಮೆಮೊರಿ ಬಳಸುತ್ತಿದ್ದಾರೆಂದು ತಿಳಿಯುವುದು, ಮತ್ತು ಅದಕ್ಕೆ ಮಿತಿ ಹಾಕುವುದು ಸಾಧ್ಯವೇ? ಲಿಮಿಟ್ಸ್ ಫೈಲ್‌ನಲ್ಲಿ ಗುಂಪಿನ ಹೆಸರಿಗೆ ಮುಂಚೆ ಅಟ್ ಚಿಹ್ನೆ ಹಾಕಿ ಮಿತಿ ಬರೆದೆ, ಪ್ರಯೋಜನವಾಗಲಿಲ್ಲ.
— ಸಿಸ್ಟಂ ಅಡ್ಮಿನಿಸ್ಟ್ರೇಟರ್, ರಾಜಾಜಿನಗರ

ಉತ್ತರ: ತಿಳಿಯುವುದು ಸಾಧ್ಯ, ಅಂದಾಜಿನ ಮಟ್ಟಿಗೆ. ಮೊದಲ ಉತ್ತರದ ಕಮಾಂಡ್‌ಗೆ ಪ್ರತಿ ಪ್ರೊಸೆಸ್‌ನ ಮೆಮೊರಿಯನ್ನು ತೋರಿಸುವ ಆರ್‌ಎಸ್‌ಎಸ್ ಎಂಬ ಕಾಲಮ್ ಸೇರಿಸಿ, ಬಂದ ಸಂಖ್ಯೆಗಳನ್ನು ಆಕ್‌ನಿಂದ ಕೂಡಿಸಿದರೆ ಮೊತ್ತ ಸಿಗುತ್ತದೆ. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಲೈಬ್ರರಿಗಳನ್ನು ಈ ಲೆಕ್ಕ ಮತ್ತೆ ಮತ್ತೆ ಎಣಿಸುವುದರಿಂದ ಮೊತ್ತವು ವಾಸ್ತವಕ್ಕಿಂತ ಹೆಚ್ಚಾಗಿಯೇ ಇರುತ್ತದೆ.

ಲಿಮಿಟ್ಸ್ ಫೈಲ್‌ನಲ್ಲಿ ಅಟ್ ಚಿಹ್ನೆಯೊಂದಿಗೆ ಬರೆದ ಮಿತಿಯು ಗುಂಪಿನ ಒಟ್ಟು ಬಳಕೆಗೆ ಅನ್ವಯಿಸುವುದಿಲ್ಲ. ಗುಂಪಿನ ಪ್ರತಿ ಸದಸ್ಯನಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ, ಮೆಮೊರಿಯ ಮಿತಿಗಳಂತೂ ಒಂದೊಂದು ಪ್ರೊಸೆಸ್‌ಗೂ ಪ್ರತ್ಯೇಕ. ಹತ್ತು ಪ್ರೊಸೆಸ್ ತೆರೆದವನಿಗೆ ಹತ್ತು ಪಟ್ಟು ಸಿಕ್ಕಂತಾಯಿತು. ಒಟ್ಟು ಮೊತ್ತಕ್ಕೆ ಕಡಿವಾಣ ಹಾಕಬಲ್ಲದ್ದು, ಪ್ರೊಸೆಸ್‌ಗಳನ್ನು ಒಟ್ಟುಗೂಡಿಸಿ ಮಿತಿ ಹಾಕುವ ಕರ್ನಲ್‌ನ ಸಿಗ್ರೂಪ್ ವ್ಯವಸ್ಥೆ ಮಾತ್ರ. ಗೂಗಲ್‌ನ ಎಂಜಿನಿಯರ್‌ಗಳು 2006ರಲ್ಲಿ ಆರಂಭಿಸಿ, 2008ರ ಜನವರಿಯಲ್ಲಿ ಕರ್ನಲ್ 2.6.24ರೊಳಗೆ ಬಂದ ಈ ವ್ಯವಸ್ಥೆಗೆ ಬಳಕೆದಾರರ ಗುಂಪುಗಳ ಪರಿಚಯವಿಲ್ಲ. ಸಿಸ್ಟಂಡಿ ಇದನ್ನು ಬಳಸಿ ಪ್ರತಿ ಬಳಕೆದಾರನಿಗೂ ಒಂದು ಸ್ಲೈಸ್ (ಸಿಗ್ರೂಪ್‌ನ ಒಂದು ವಿಭಾಗ) ಮಾಡುತ್ತದೆಯೇ ಹೊರತು ಪ್ರತಿ ಗುಂಪಿಗೆ ಮಾಡುವುದಿಲ್ಲ. ಆದ್ದರಿಂದ ಗುಂಪಿಗಾಗಿ ಒಂದು ಸ್ಲೈಸನ್ನು ನೀವೇ ರಚಿಸಿ, ಅದಕ್ಕೆ ಮೆಮೊರಿಮ್ಯಾಕ್ಸ್ ಮಿತಿಯನ್ನು ಬರೆದು, ಭಾರವಾದ ಕೆಲಸಗಳನ್ನು ಸಿಸ್ಟಂಡಿ-ರನ್ ಮೂಲಕ ಆ ಸ್ಲೈಸ್‌ನೊಳಗೇ ಆರಂಭವಾಗುವಂತೆ ಒಂದು ಸ್ಕ್ರಿಪ್ಟ್ ಮಾಡಿಕೊಡಬೇಕು. ಆ ಮೇಲೆ ಪಟ್ಟಿಗಾಗಿ ಪಿಎಸ್‌ನ ಹಂಗೂ ಇರುವುದಿಲ್ಲ; ಸಿಸ್ಟಂಡಿ-ಸಿಜಿಎಲ್‌ಎಸ್ ಆ ಸ್ಲೈಸ್‌ನಲ್ಲಿರುವ ಪ್ರೊಸೆಸ್‌ಗಳನ್ನು ಮರದ ರೂಪದಲ್ಲಿ ತೋರಿಸುತ್ತದೆ, ಸಿಸ್ಟಂಡಿ-ಸಿಜಿಟಾಪ್ ಅವುಗಳ ಒಟ್ಟು ಮೆಮೊರಿಯನ್ನು ಹೇಳುತ್ತದೆ.